1500 ಅಡಿ ಬೋರ್‌ವೆಲ್: ಇನ್ನೂ ಹುಟ್ಟದವರ ಪಾಲಿನ ನೀರಿಗೆ ಲೆಕ್ಕ ಇಡುವವರು ಯಾರು?

ತೂಬಿನಕಲ್ಲು (ಚರ್ಚೆ ಶುರು ಮಾಡಿದವರು)

ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ಈ ವಿಷಯ ಹೊಸದಲ್ಲ. ಒಂದು ಕಾಲಕ್ಕೆ 30–40 ಅಡಿ ಬಾವಿಯಲ್ಲಿ ಕಪಿಲೆ ಹೊಡೆದು ನೀರೆತ್ತುತ್ತಿದ್ದ ಊರುಗಳಲ್ಲಿ ಈಗ ಬೋರ್‌ವೆಲ್ ಗಾಡಿ 1200, 1500 ಅಡಿವರೆಗೂ ಇಳಿಯುತ್ತದೆ. ಅಷ್ಟು ಇಳಿದರೂ ಎಷ್ಟೋ ಸಲ ಬರೀ ದೂಳು. ನೀರು ಸಿಕ್ಕರೆ ಅದರಲ್ಲಿ ಫ್ಲೋರೈಡ್. ಕುಡಿಯೋಕೆ ಊರ ಶುದ್ಧ ನೀರಿನ ಘಟಕದ ಮುಂದೆ ಕಾಯಿನ್ ಹಾಕಿ ಕ್ಯಾನ್ ಹಿಡಿಯಬೇಕು.

ಬರಗಾಲದ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ನಾನು ಕೇಳಬೇಕೆಂದಿರುವುದು ಬೇರೆ. ಇನ್ನೂ ಹುಟ್ಟದೇ ಇರುವವರಿಗೆ ಈ ನೀರಿನಲ್ಲಿ ಪಾಲು ಇದೆಯೇ? ಇದ್ದರೆ ಅವರ ಪರವಾಗಿ ಕೇಳುವವರು ಯಾರು? ಆಸ್ತಿ ಭಾಗ ಮಾಡುವಾಗ ಹೊಟ್ಟೆಯಲ್ಲಿರುವ ಮಗುವಿಗೂ ಪಾಲು ಇಡುತ್ತೇವೆ. ಭೂಮಿಯೊಳಗಿನ ನೀರಿಗೆ ಆ ಲೆಕ್ಕವೇ ಇಲ್ಲ. ಯಾರ ಮೋಟಾರು ಆಳಕ್ಕೆ ಇಳಿಯಿತೋ ನೀರು ಅವರದು.

ನಮ್ಮ ಹಿಂದಿನವರು ಈ ಬಗ್ಗೆ ಯೋಚನೆ ಮಾಡಿದ್ದರು ಅನ್ನುವುದಕ್ಕೆ ಕಲ್ಲಿನಲ್ಲೇ ಸಾಕ್ಷಿ ಇದೆ. ಬಿ.ಎಲ್. ರೈಸ್ ಸಂಗ್ರಹಿಸಿದ ಕೋಲಾರ ಜಿಲ್ಲೆಯ ಶಾಸನಗಳನ್ನು ಬಿಡುವಾದಾಗ ಓದುತ್ತಿರುತ್ತೇನೆ. ಕೆರೆ ಕಟ್ಟಿಸಿದ್ದು, ಒಡೆದ ಏರಿ ಸರಿ ಮಾಡಿಸಿದ್ದು, ತೂಬು ಇಡಿಸಿದ್ದು, ಅದಕ್ಕಾಗಿ ಕಟ್ಟುಕೊಡಗೆ, ಬಿತ್ತುವಟ್ಟ ಅಂತ ಗದ್ದೆ ಬಿಟ್ಟಿದ್ದು ಮತ್ತೆ ಮತ್ತೆ ಬರುತ್ತದೆ. ಹಳೇ ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದೆರಡು ಸಂಸ್ಕೃತ ಶ್ಲೋಕ ಇರುತ್ತವೆ. ಒಂದರ ಅರ್ಥ: ದಾನ ಕೊಡುವುದು, ಕೊಟ್ಟದ್ದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಹೆಚ್ಚು. ಇನ್ನೊಂದು: ತಾನು ಕೊಟ್ಟದ್ದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಕಾಪಾಡಿದರೆ ಎರಡು ಪಟ್ಟು ಪುಣ್ಯ. ಮತ್ತೊಂದರಲ್ಲಿ ಸಾಕ್ಷಾತ್ ರಾಮಚಂದ್ರನೇ ಮುಂದೆ ಬರುವ ರಾಜರನ್ನೆಲ್ಲ ಬೇಡಿಕೊಳ್ಳುತ್ತಾನೆ, ಈ ಧರ್ಮದ ಸೇತುವೆ ಎಲ್ಲರದು, ನಿಮ್ಮ ನಿಮ್ಮ ಕಾಲದಲ್ಲಿ ನೀವು ಕಾಪಾಡಿಕೊಂಡು ಬನ್ನಿ ಅಂತ. ಆ ರಾಜರು ಯಾರು, ಯಾವ ವಂಶದವರು ಅಂತ ಬರೆಸಿದವರಿಗೆ ಗೊತ್ತಿರಲಿಲ್ಲ. ಆದರೂ ಅವರಿಗೇ ಹೇಳಿ ಬರೆಸಿದ್ದಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಣ್ಣಿನ ಏರಿ ತಾನಾಗಿ ಐನೂರು ವರ್ಷ ನಿಲ್ಲುವುದಿಲ್ಲ. ನಾಲ್ಕು ಮಳೆಗಾಲ ನೋಡದೇ ಬಿಟ್ಟರೆ ಏಡಿ, ಇಲಿ ಬಿಲ ತೋಡುತ್ತವೆ, ಗಿಡದ ಬೇರು ಇಳಿಯುತ್ತದೆ, ಕೋಡಿ ಕಲ್ಲು ಜಾರುತ್ತದೆ. ಆ ಕೆರೆಗಳು ಉಳಿದದ್ದಕ್ಕೆ ಕಾರಣ, ಪ್ರತಿ ತಲೆಮಾರಿನಲ್ಲೂ ಅದನ್ನು ನೋಡಿಕೊಳ್ಳುವವನಿಗೆ ಹೊಟ್ಟೆಪಾಡಿನ ದಾರಿ ಮಾಡಿಟ್ಟಿದ್ದರು. ನಾವು ಇವತ್ತು ಕೋಟಿ ಕೋಟಿ ಹಾಕಿ ಕಟ್ಟುತ್ತೇವೆ, ಹೂಳೆತ್ತಿಸುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಮುಂದಿನ ಮೂವತ್ತು ವರ್ಷ ನೋಡಿಕೊಳ್ಳುವವನಿಗೆ ಸಂಬಳ ಎಲ್ಲಿಂದ ಅಂತ ಯಾರೂ ಕೇಳುವುದಿಲ್ಲ. ಮುಂದಿನವರಿಗೆ ನಾವು ಮಾಡುತ್ತಿರುವ ದೊಡ್ಡ ಅನ್ಯಾಯ ಇದೇ ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಕಡೆ ಹೇಗಿದೆ? ಒಪ್ಪದಿದ್ದರೂ ಹೇಳಿ.

---

ಹಿಪ್ಪುನೇರಳೆ_ತೋಟ

ಅಣ್ಣ, ನೀವು ಹೇಳೋದು ಓದೋಕೆ ಚೆನ್ನಾಗಿದೆ. ನಮ್ಮ ಮನೆ ಲೆಕ್ಕ ಹೇಳ್ತೀನಿ, ಕೇಳಿ.

ನಮ್ಮದು ಮುಳಬಾಗಿಲು ಕಡೆ. ಎರಡೂವರೆ ಎಕರೆ. ಒಂದು ಎಕರೆ ಹಿಪ್ಪುನೇರಳೆ, ಉಳಿದದ್ದು ಟೊಮೆಟೊ, ಸೀಮೆಹುಲ್ಲು. ಮೂರು ಹಸು ಇವೆ. ಡೇರಿಗೆ ಹಾಲು ಹಾಕಿದ ದುಡ್ಡಲ್ಲಿ ಸಂಸಾರ ನಡೀತದೆ. ಹಸುವಿಗೆ ಹಸಿ ಹುಲ್ಲು ಬೇಕು, ಹುಲ್ಲಿಗೆ ನೀರು ಬೇಕು. ಮೊದಲಿನ ಬೋರ್ ನಿಂತಾಗ ಚೀಟಿ ದುಡ್ಡು ಎತ್ತಿ ಎರಡನೇದು ಹಾಕಿಸಿದೆವು. ಪಾಯಿಂಟ್ ನೋಡುವವರು ತೆಂಗಿನಕಾಯಿ ಹಿಡಿದು ಒಂದು ಮೂಲೆ ತೋರಿಸಿದರು. ಫೇಲ್ ಆಯ್ತು. ಒಡವೆ ಅಡ ಇಟ್ಟು ಮೂರನೇದು. ಅದರಲ್ಲಿ ಒಂದೂವರೆ ಇಂಚು ನೀರು ಬಂತು. ಆವತ್ತು ನಮ್ಮತ್ತೆ ಕೇಸಿಂಗ್ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಹಚ್ಚಿ, ಅಲ್ಲೇ ಕೂತು ಅತ್ತರು. ಆ ನೀರನ್ನು ಮೊಮ್ಮಕ್ಕಳಿಗೆ ಅಂತ ಒಳಗೇ ಬಿಡಿ ಅಂದರೆ ನನ್ನ ಮಗಳ ಕಾಲೇಜು ಫೀಸು ಎಲ್ಲಿಂದ ಕಟ್ಟಲಿ?

ಇನ್ನೊಂದು ಮಾತು. ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಬೇಸಾಯಕ್ಕೆ ಬರಲ್ಲ ಅಂತ ಹೇಳಿಯಾಗಿದೆ. ಮುಂದೆ ಈ ಜಮೀನು ಲೇಔಟ್ ಆಗೋದೇ ಅಂತ ಎಲ್ಲರೂ ಹೇಳ್ತಾರೆ. ಹಾಗಿರುವಾಗ ಯಾರಿಗೆ ಉಳಿಸಬೇಕು? ಜಗಳಕ್ಕೆ ಕೇಳ್ತಿಲ್ಲ. ನಿಜವಾಗಿ ಕೇಳ್ತಿದ್ದೀನಿ.

---

ತೂಬಿನಕಲ್ಲು

ಅಕ್ಕ, ನಿಮ್ಮ ಮೇಲೆ ಹೊರೆ ಹಾಕೋಕೆ ಈ ಚರ್ಚೆ ಶುರು ಮಾಡಿಲ್ಲ. ಒಬ್ಬ ರೈತರು ಬೋರ್ ನಿಲ್ಲಿಸಿದರೆ ಉಳಿದ ನೀರು ಪಕ್ಕದವರ ಮೋಟಾರಿಗೆ ಹೋಗುತ್ತದೆ. ಹಾಗಾಗಿ ಒಬ್ಬೊಬ್ಬರನ್ನೇ ತ್ಯಾಗ ಮಾಡಿ ಅನ್ನುವುದು ತಪ್ಪು. ಊರೆಲ್ಲ ಸೇರಿ ಏನಾದರೂ ಕಟ್ಟುಪಾಡು ಮಾಡಿಕೊಂಡರೆ ಮಾತ್ರ ಅದಕ್ಕೆ ಅರ್ಥ ಇದೆ.

ಯಾರಿಗೆ ಉಳಿಸಬೇಕು ಅನ್ನೋ ಪ್ರಶ್ನೆಗೆ ನನಗೆ ತೋಚಿದ್ದು: ಲೇಔಟ್ ಆದರೂ ಅಲ್ಲಿ ಜನ ಇರ್ತಾರೆ. ಅವರೂ ನೀರು ಕುಡೀತಾರೆ. ಅವರು ನಮ್ಮ ರಕ್ತಸಂಬಂಧಿಗಳೇ ಆಗಿರಬೇಕು ಅಂತೇನಿಲ್ಲ. ನಮ್ಮೂರ ಕೆರೆ ಕಟ್ಟಿಸಿದವರ ವಂಶದವರು ಇವತ್ತು ಯಾರೂ ಇಲ್ಲ. ಆ ನೀರು ನಾವು ಕುಡಿದೆವು.

---

ಗ್ನೈಸ್_ಬಂಡೆ

ನಾನು ಅಂತರ್ಜಲದ ಕೆಲಸದಲ್ಲಿ ಇದ್ದವನು. ಭಾವನೆ ಪಕ್ಕಕ್ಕಿಟ್ಟು ಒಂದು ಸರಳ ಲೆಕ್ಕ ಕೊಡುತ್ತೇನೆ. ಇದನ್ನು ಪ್ರತಿ ಗ್ರಾಮಸಭೆಯಲ್ಲೂ ಬೋರ್ಡಿನ ಮೇಲೆ ಬರೆಯಬೇಕು ಅನ್ನೋದು ನನ್ನ ಆಸೆ.

ಕೋಲಾರದಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಒಂದು ಎಕರೆ ಮೇಲೆ ಬೀಳುವ ಮಳೆ ಅಂದರೆ ಸುಮಾರು 28 ಲಕ್ಷ ಲೀಟರ್. ನಮ್ಮದು ಗಟ್ಟಿ ಬಂಡೆಯ ಸೀಮೆ, ಕೆಳಗೆ ಇರುವುದು ಗ್ರಾನೈಟ್, ಗ್ನೈಸ್. ಬಿದ್ದ ಮಳೆಯಲ್ಲಿ ಒಳಗೆ ಇಂಗುವುದು ಹತ್ತರಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ. ಅಂದರೆ ಎಕರೆಗೆ ಎರಡೂವರೆ, ಮೂರು ಲಕ್ಷ ಲೀಟರ್. ಡ್ರಿಪ್ ಹಾಕಿದರೂ ಒಂದು ಎಕರೆ ಬೇಸಿಗೆ ಟೊಮೆಟೊಗೆ 15 ಲಕ್ಷದಿಂದ 20 ಲಕ್ಷ ಲೀಟರ್ ಹಿಡಿಯುತ್ತದೆ. ಒಂದು ಎಕರೆ ಬೆಳೆ ಆರೇಳು ಎಕರೆಯ ಇಂಗಿದ ನೀರನ್ನು ಕುಡಿಯುತ್ತದೆ ಅಂತಾಯಿತು. ಊರಲ್ಲಿ ಎಲ್ಲರೂ ಬೆಳೆದರೆ ಸುತ್ತ ಅಷ್ಟು ಬಿಡುವು ಭೂಮಿ ಎಲ್ಲಿದೆ? ಕಡಿಮೆ ಬಿದ್ದದ್ದು ಹಳೇ ದಾಸ್ತಾನಿನಿಂದ ಬರುತ್ತಿದೆ.

ಈ ದಾಸ್ತಾನು ಎಂಥದ್ದು ಅಂತ ತಿಳಿಯುವುದು ಮುಖ್ಯ. ಮೇಲಿನ 50–100 ಅಡಿ ಶಿಥಿಲವಾದ ಬಂಡೆ, ಅದು ಪುಡಿಯಾದ ಮಣ್ಣು. ಅದು ಒಂದು ಒಳ್ಳೇ ಮಳೆಗಾಲದಲ್ಲಿ ತುಂಬಿಕೊಳ್ಳುತ್ತದೆ. ಹಳೇ ತೆರೆದ ಬಾವಿಗಳೆಲ್ಲ ಬದುಕಿದ್ದು ಇದರ ಮೇಲೆ. ಅದರ ಕೆಳಗೆ ಗಟ್ಟಿ ಬಂಡೆ, ಅಲ್ಲಲ್ಲಿ ಸಣ್ಣ ಸಣ್ಣ ಬಿರುಕು. 1000 ಅಡಿ ಕೆಳಗಿನ ಬಿರುಕಿನಲ್ಲಿ ಸಿಗುವ ನೀರು ಹೋದ ವರ್ಷದ ಮಳೆಯದಲ್ಲ. ಎಷ್ಟೋ ದಶಕಗಳ, ಕೆಲವು ಕಡೆ ಅದಕ್ಕೂ ಹಳೆಯದು. ಬಂಡೆಯ ಜೊತೆ ಅಷ್ಟು ಕಾಲ ಇದ್ದದ್ದಕ್ಕೇ ಅದಕ್ಕೆ ಫ್ಲೋರೈಡ್ ಹತ್ತಿಕೊಂಡಿರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅನ್ನುತ್ತದೆ ಮಾನದಂಡ. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ನೀವೇ ನೋಡಿರ್ತೀರಿ.

ಆಳದ ನೀರನ್ನು ಬಳಸಲೇಬಾರದು ಅಂತ ನಾನು ಹೇಳುವುದಿಲ್ಲ. ಅದು ಆಪತ್ತಿಗೆ ಇಟ್ಟ ನೀರು. ಎರಡು ವರ್ಷ ಮಳೆ ಕೈಕೊಟ್ಟಾಗ ಜನ ಜಾನುವಾರು ಉಳಿಯೋಕೆ. ಪ್ರತಿ ಬೆಳೆಗೂ ಅದಕ್ಕೇ ಕೈ ಹಾಕಿದರೆ ನಿಜವಾದ ಆಪತ್ತು ಬಂದಾಗ ಏನು ಉಳಿದಿರುತ್ತದೆ?

---

ಸಂಜೆ_ಬಸ್

ನಾನು ಸ್ವಲ್ಪ ಬೇರೆ ಥರ ಯೋಚಿಸುತ್ತೇನೆ. ಮುಂದಿನವರು ನಮಗಿಂತ ಅನುಕೂಲವಾಗಿ ಇರುತ್ತಾರೆ ಅಂತ ಯಾಕೆ ಅಂದುಕೊಳ್ಳಬಾರದು? ನಮ್ಮಜ್ಜ ಅಜ್ಜಿ ಎರಡು ಹೊತ್ತು ಊಟಕ್ಕೆ ಪರದಾಡಿದವರು. ಅವರು ಹೊಟ್ಟೆ ಕಟ್ಟಿ ನನಗಾಗಿ ನೀರು ಉಳಿಸಬೇಕಿತ್ತು ಅಂತ ನಾನು ಕೇಳಲಾರೆ. ಬೋರ್‌ವೆಲ್ ನೀರಲ್ಲಿ ಬೆಳೆದ ದುಡ್ಡಲ್ಲೇ ನಮ್ಮಪ್ಪ ಓದಿದ್ದು, ಅದರಿಂದಲೇ ನಾನು ಇವತ್ತು ಇಲ್ಲಿ ಕೂತು ಬರೆಯುತ್ತಿದ್ದೇನೆ. ನೀರು ಹೋಯಿತು, ಅದರ ಬದಲು ವಿದ್ಯೆ ಬಂತು. ಇದೂ ಮುಂದಿನವರಿಗೆ ಕೊಟ್ಟ ಆಸ್ತಿಯೇ ಅಲ್ವಾ?

ತಂತ್ರಜ್ಞಾನವೂ ಬರುತ್ತಿದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗೆ ಬಿಡ್ತಾರೆ ಅಂತ 20 ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆವಾ?

---

ತೂಬಿನಕಲ್ಲು

ಸಂಜೆ_ಬಸ್ ಅವರೇ, ವಿದ್ಯೆಯ ಮಾತು ಒಪ್ಪುತ್ತೇನೆ. ಹಣ, ಓದು, ರಸ್ತೆ, ಆಸ್ಪತ್ರೆ ಎಲ್ಲವೂ ಮುಂದಿನವರಿಗೆ ಬಿಟ್ಟು ಹೋಗುವ ಆಸ್ತಿಯೇ. ಆದರೆ ಆ ವಿದ್ಯೆ ನಿಮ್ಮನ್ನು ಊರಿಂದ ಆಚೆ ಕರೆದುಕೊಂಡು ಹೋಯಿತು. ಊರಲ್ಲೇ ಉಳಿದವರ ಮಕ್ಕಳಿಗೆ ಏನು ಸಿಕ್ಕಿತು? ನೀರು ಖರ್ಚಾಗಿದ್ದು ಎಲ್ಲರದು, ಅದರ ಫಲ ಸಿಕ್ಕಿದ್ದು ಕೆಲವರಿಗೆ.

ನೀವು ಹೇಳಿದ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ತರುವ ಯೋಜನೆ, ಅಂದರೆ ಕೆ.ಸಿ. ವ್ಯಾಲಿ ವಿಷಯಕ್ಕೆ ಬರೋಣ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ದಿನಕ್ಕೆ 44 ಕೋಟಿ ಲೀಟರ್ ಅನ್ನೋದು ಯೋಜನೆ. ನೀರು ನಿಂತ ಕೆರೆಗಳ ಸುತ್ತ ಬಾವಿ, ಬೋರ್‌ಗಳಲ್ಲಿ ಮಟ್ಟ ಏರಿದ್ದು ನಿಜ. ನಾನು ಕಣ್ಣಾರೆ ನೋಡಿದ್ದೇನೆ, ಖುಷಿಯೂ ಪಟ್ಟಿದ್ದೇನೆ. ಆದರೆ ಬಿಡುತ್ತಿರುವುದು ಎರಡನೇ ಹಂತದ ಶುದ್ಧೀಕರಣ ಆದ ನೀರು. ಮೂರನೇ ಹಂತವೂ ಆಗಲಿ ಅಂತ ಜಿಲ್ಲೆಯ ಜನ ವರ್ಷಗಟ್ಟಲೆ ಕೇಳುತ್ತಿದ್ದಾರೆ. ಅಂತರ್ಜಲಕ್ಕೆ ಒಂದು ಸಲ ಏನಾದರೂ ಸೇರಿದರೆ ತೆಗೆಯುವುದು ಎಷ್ಟು ಕಷ್ಟ ಅನ್ನೋದು ಗ್ನೈಸ್_ಬಂಡೆ ಅವರಿಗೆ ಗೊತ್ತು. ಇವತ್ತು ಉಳಿಸಿದ ದುಡ್ಡಿನ ಬಿಲ್ಲು ಮಕ್ಕಳ ಹೆಸರಿಗೆ ಬರಬಾರದು.

ಇನ್ನೊಂದು, ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ಈ ಕಡೆಗೆ ತರುವ ಎತ್ತಿನಹೊಳೆ ಯೋಜನೆ. 2014ರಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆ. 24 ಟಿಎಂಸಿ ಲೆಕ್ಕ. ಅಲ್ಲಿನ ಕಾಡು, ಹೊಳೆಗೆ ಏನಾಗುತ್ತದೆ ಅಂತ ಮಲೆನಾಡಿನವರು, ಕರಾವಳಿಯವರು ಕೇಳುತ್ತಿದ್ದಾರೆ. ಅವರಿಗೂ ಮೊಮ್ಮಕ್ಕಳಿದ್ದಾರೆ.

---

ಗ್ನೈಸ್_ಬಂಡೆ

ತಂತ್ರಜ್ಞಾನದ ಬಗ್ಗೆ ಒಂದೇ ಸಾಲು. ನೂರಾರು ಮೀಟರ್ ಮೇಲಕ್ಕೆ ಪಂಪ್ ಮಾಡಿ ತರುವ ನೀರು ಕರೆಂಟ್ ಇರುವವರೆಗೆ ಮಾತ್ರ ಇರುತ್ತದೆ. ಇಳಿಜಾರಿನಲ್ಲಿ ತಾನೇ ಹರಿದು ಬಂದು ಕೆರೆ ಸೇರುವ ನೀರಿಗೆ ಬಿಲ್ಲು ಇಲ್ಲ.

---

ನೀರಗಂಟಿ_ಮೊಮ್ಮಗ

ಇಡೀ ಚರ್ಚೆ ಓದಿದೆ. ಹೇಳಲೇಬೇಕಾದ ಕೆಲವು ಮಾತಿವೆ.

ನಮ್ಮ ತಾತ ನೀರಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಗದ್ದೆಗೆ ನೀರು ಬಿಡುವುದು ಅವರ ಕೆಲಸ. ಕೆರೆ ತುಂಬಿರುವಾಗ ತೂಬಿನ ಕಲ್ಲಿನ ಕಂಬ ಹಿಡಿದು ನೀರಿಗಿಳಿದು ಮುಳುಗಿ ಬಿರಡೆ ಸಡಿಲ ಮಾಡಬೇಕಿತ್ತಂತೆ. ಮಾಗಿ ಚಳಿಯಲ್ಲೂ. ಸುಗ್ಗಿಯಲ್ಲಿ ಪ್ರತಿ ಕಣಕ್ಕೂ ಹೋಗಿ ಆಯ, ಅಂದರೆ ಕೆಲಸಕ್ಕೆ ಕೊಡುವ ಕಾಳಿನ ಪಾಲು, ತರುತ್ತಿದ್ದರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅವರ ಬಾಯಲ್ಲೇ ಇತ್ತು. ರೆಡ್ಡಿ ಆಗಲಿ ಗೌಡ ಆಗಲಿ ತಾವಾಗಿ ಮಡೆ ತಿರುಗಿಸುವ ಹಾಗಿರಲಿಲ್ಲ.

ಕೆರೆ ಅರ್ಧ ಮಾತ್ರ ತುಂಬಿದ ವರ್ಷ ದಾಮಾಶಾ ಅಂತ ಮಾಡುತ್ತಿದ್ದರು. ಅಚ್ಚುಕಟ್ಟು ಪೂರ್ತಿ ಬೆಳೆ ಇಡೋಕೆ ಆಗಲ್ಲ ಅಂತ ಗೊತ್ತಾದಾಗ, ತೂಬಿನ ಹತ್ತಿರದ ಗದ್ದೆಗಳನ್ನೇ ಎಲ್ಲರಿಗೂ ಅವರವರ ಹಿಡುವಳಿ ಪ್ರಮಾಣಕ್ಕೆ ತಕ್ಕ ಹಾಗೆ ಆ ವರ್ಷಕ್ಕೆ ಹಂಚುವುದು. ತೂಬಿನ ಪಕ್ಕ ಜಮೀನಿರುವವನು ನನ್ನ ಗದ್ದೆ ಅಂತ ಹಟ ಹಿಡಿಯುವ ಹಾಗಿಲ್ಲ. ಕೊನೆಯ ಗದ್ದೆಯವನಿಗೂ ಒಂದು ಪಟ್ಟಿ ಸಿಗುತ್ತಿತ್ತು. ಇದನ್ನು ನೆನೆದಾಗ ನನಗೆ ನಿಜವಾಗಿ ಹೆಮ್ಮೆ ಆಗುತ್ತದೆ.

ಆದರೆ ಪೂರ್ತಿ ಚಿತ್ರ ಹೇಳಬೇಕಲ್ಲ. ನಮ್ಮ ತಾತನ ಜನಕ್ಕೆ ಆ ಅಚ್ಚುಕಟ್ಟಿನಲ್ಲಿ ಜಮೀನೇ ಇರಲಿಲ್ಲ, ಇನಾಂ ಅಂತ ಬಿಟ್ಟಿದ್ದ ಸಣ್ಣ ತುಂಡು ಬಿಟ್ಟರೆ. ನೀರು ಹಂಚುವವನು ಊರ ಬಾವಿಯಲ್ಲಿ ನೀರು ಸೇದುವ ಹಾಗಿರಲಿಲ್ಲ. ಕೆಲಸ ಹುಟ್ಟಿನಿಂದ ಬರುತ್ತಿತ್ತು, ಬೇಡ ಅನ್ನೋಕೆ ಆಗುತ್ತಿರಲಿಲ್ಲ. ಪ್ರತಿ ತಲೆಮಾರಿಗೂ ನೋಡಿಕೊಳ್ಳುವವನನ್ನು ಇಟ್ಟಿದ್ದರು ಅಂತ ತೂಬಿನಕಲ್ಲು ಅಣ್ಣ ಬರೆದಿದ್ದಾರೆ. ಹೌದು ಅಣ್ಣ, ಇಟ್ಟಿದ್ದರು. ಆ ನೋಡಿಕೊಳ್ಳುವವನ ಮಕ್ಕಳ ಭವಿಷ್ಯವನ್ನೂ ಹುಟ್ಟುವ ಮುಂಚೆಯೇ ಬರೆದಿಟ್ಟಿದ್ದರು.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು ಈ ವಂಶಪಾರಂಪರ್ಯ ಹೋಯಿತು. ಹೋಗಬೇಕಾದ್ದೇ. ಅದರ ಜಾಗಕ್ಕೆ ಏನು ತರಬೇಕು ಅಂತ ಮಾತ್ರ ಯಾರೂ ಯೋಚಿಸಲಿಲ್ಲ. ಕೆರೆ ಸರ್ಕಾರದ್ದಾಯಿತು, ನೋಡಿಕೊಳ್ಳುವವನು ಇಲ್ಲವಾದ. ಇವತ್ತು ನೀರಗಂಟಿ ಬೇಕು ಅಂದರೆ ಅದು ಯಾರು ಬೇಕಾದರೂ ಅರ್ಜಿ ಹಾಕಬಹುದಾದ ಕೆಲಸ ಆಗಿರಬೇಕು, ತಿಂಗಳ ಸಂಬಳ ಇರಬೇಕು, ಕೈಯಲ್ಲಿ ಅಧಿಕಾರ ಇರಬೇಕು. ಹಳೇದನ್ನು ಹಾಗೇ ವಾಪಸ್ ತರುವ ಮಾತಾದರೆ ನಾನು ಅದರಲ್ಲಿ ಇಲ್ಲ.

---

ತೂಬಿನಕಲ್ಲು

ಈ ಚರ್ಚೆಯಲ್ಲಿ ಬಂದ ಅತಿ ಮುಖ್ಯ ಮಾತು ಇದು. ಮುಂದಿನವರಿಗೆ ಕಾಪಾಡುವ ಹೆಸರಲ್ಲಿ ಇವತ್ತಿನ ಕೆಲವರನ್ನು ಕಟ್ಟಿಹಾಕುವುದು ನ್ಯಾಯ ಅಲ್ಲ. ಬರೆದದ್ದಕ್ಕೆ ಧನ್ಯವಾದ.

---

ಹಳೇ_ಮಟ್ಟಗೋಲು

ನಾನು ನೀರಾವರಿ ಇಂಜಿನಿಯರ್ ಆಗಿ ನಿವೃತ್ತನಾದವನು. ಶಾಸನದ ವಿಷಯ ಬಂದದ್ದಕ್ಕೆ ಇದನ್ನು ಸೇರಿಸುತ್ತೇನೆ.

ನಮ್ಮ ಗಡಿ ದಾಟಿದರೆ ಕಡಪ ಜಿಲ್ಲೆಯಲ್ಲಿ ಪೊರುಮಾಮಿಳ್ಳ ಅನ್ನುವ ಊರಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕಟ್ಟಿಸಿದ ಕೆರೆಗೆ 1369ರ ಶಾಸನ ಇದೆ. ದಿನಕ್ಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಅಂತ ಅದರಲ್ಲಿ ಇದೆ. ಒಳ್ಳೇ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಕೆರೆಗೆ ಇರಬಾರದ ಆರು ದೋಷಗಳ ಪಟ್ಟಿಯೂ ಇದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ದಿಬ್ಬ ಇರುವುದು, ನೀರು ಕಡಿಮೆ ಇದ್ದು ಗದ್ದೆ ಜಾಸ್ತಿ ಇರುವುದು, ಗದ್ದೆ ಕಡಿಮೆ ಇದ್ದು ನೀರು ಜಾಸ್ತಿ ಇರುವುದು. ಇವೆಲ್ಲ ಇಂಜಿನಿಯರಿಂಗ್. ಇನ್ನೊಂದು ದೋಷ ಇದೆ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಮುಂದೆ ಜಗಳ ಬರುತ್ತದೆ ಅನ್ನೋದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಕೋಲಾರದ ಸ್ಥಿತಿ ಅದೇ. ಪಾಲಾರ್, ದಕ್ಷಿಣ ಪೆನ್ನಾರ್ ನಮ್ಮಲ್ಲಿ ಹುಟ್ಟಿ ತಮಿಳುನಾಡಿಗೆ ಹೋಗುತ್ತವೆ. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ನಡುವೆ ಒಪ್ಪಂದ ಆಯಿತು. ಪಟ್ಟಿಯಲ್ಲಿರುವ ನದಿಗಳ ಮೇಲೆ ಮದ್ರಾಸ್ ಒಪ್ಪದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ ಅಂತ. ಮಾರ್ಕಂಡೇಯ ಹೊಳೆಗೆ ಯರಗೋಳ್ ಹತ್ತಿರ ಕುಡಿಯುವ ನೀರಿನ ಅಣೆಕಟ್ಟು ಕಟ್ಟುವಾಗ ತಮಿಳುನಾಡು ಅದೇ ಒಪ್ಪಂದ ಹಿಡಿದು ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ಕೋರ್ಟ್ ಆ ಅರ್ಜಿ ಒಪ್ಪಲಿಲ್ಲ. ಸಹಿ ಹಾಕಿದವರೆಲ್ಲ ಯಾವಾಗಲೋ ತೀರಿಕೊಂಡಿದ್ದರು, ಅವರ ಸಹಿ 127 ವರ್ಷ ಆದಮೇಲೂ ಕೋರ್ಟಿನಲ್ಲಿ ಓಡಾಡುತ್ತಿತ್ತು. ಇವತ್ತು ನಾವು ಮಾಡಿಕೊಳ್ಳುವ ಒಂದೊಂದು ಒಪ್ಪಂದಕ್ಕೂ ಹೀಗೇ ಆಯಸ್ಸು ಇರುತ್ತದೆ.

ಆಡಳಿತದ ವಿಷಯದಲ್ಲಿ ಒಂದು ಮಾಹಿತಿ. 40 ಹೆಕ್ಟೇರ್‌ಗಿಂತ ಜಾಸ್ತಿ ಅಚ್ಚುಕಟ್ಟು ಇರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆ ಇರುವುದು ಜಿಲ್ಲಾ ಪಂಚಾಯತಿಗೆ. ಒಂದೇ ಹಳ್ಳದ ಸಾಲಿನಲ್ಲಿ ಮೇಲಿನ ಕೆರೆ ಒಬ್ಬರದು, ಕೆಳಗಿನದು ಇನ್ನೊಬ್ಬರದು. ಮೇಲಿನ ಕೋಡಿ ನೀರು ಕೆಳಗಿನ ಕೆರೆಗೆ ಹೋಗಬೇಕು ಅನ್ನೋ ಕೆರೆ ಸರಪಳಿಯ ಲೆಕ್ಕ ಯಾರ ಫೈಲಿನಲ್ಲೂ ಒಟ್ಟಾಗಿ ಇಲ್ಲ. ನಡುವಿನ ಕಾಲುವೆ ಒತ್ತುವರಿ ಆದರೆ ಕೇಳುವವರಿಲ್ಲದೇ ಇರೋದಕ್ಕೆ ಇದೂ ಒಂದು ಕಾರಣ.

---

ಸಂಜೆ_ಬಸ್

ನೀಲಗಿರಿ ವಿಷಯ ಯಾರೂ ಎತ್ತಿಲ್ಲ. ನನ್ನ ವಾದಕ್ಕೆ ಅದು ಸರಿಯಾದ ಉದಾಹರಣೆ ಅಂತ ನನ್ನ ನಂಬಿಕೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಕೋಲಾರದ ಬಯಲೆಲ್ಲ ನೀಲಗಿರಿ ನೆಟ್ಟರು. ಅದೂ ಮುಂದಿನವರಿಗಾಗಿಯೇ. ಹಸಿರು ಬರುತ್ತೆ, ಸೌದೆ ಸಿಗುತ್ತೆ, ರೈತನಿಗೆ ದುಡ್ಡು ಅಂತ. ಈಗ ಕೆರೆಗೆ ನೀರು ಬಾರದೇ ಇರೋದಕ್ಕೆ ಅದೂ ಕಾರಣ ಅಂತ ಹೇಳಿ 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡೋದನ್ನು ನಿಷೇಧಿಸಿತು. ನಲವತ್ತು ವರ್ಷ ಮುಂದಿನದು ನಮಗೆ ಕಾಣಲ್ಲ ಅಂತಾದಮೇಲೆ ಅದಕ್ಕಾಗಿ ದೊಡ್ಡ ಯೋಜನೆ ಹಾಕೋದರಲ್ಲಿ ಅರ್ಥ ಏನಿದೆ?

---

ಹಳೇ_ಮಟ್ಟಗೋಲು

ಒಳ್ಳೇ ಪ್ರಶ್ನೆ. ಕಾಣಲ್ಲ ಅನ್ನೋದು ನಿಜ. ಹಾಗಾದರೆ ವಾಪಸ್ ತಿರುಗಿಸೋಕೆ ಆಗುವಂಥದ್ದನ್ನು ಮಾಡಬೇಕು. ನೀಲಗಿರಿಯನ್ನು ಬೇರು ಸಮೇತ ಕಿತ್ತು ರಾಗಿ, ತೊಗರಿ, ಮಾವು ಹಾಕಿದವರಿದ್ದಾರೆ. ಕಷ್ಟ, ಆದರೆ ಆಗುತ್ತದೆ. ಆಳದ ಬಿರುಕಿನ ನೀರು ಖಾಲಿ ಮಾಡಿದರೆ ನಮ್ಮ ಆಯಸ್ಸಿನಲ್ಲಿ ತುಂಬಿಸೋಕೆ ಆಗಲ್ಲ. ಕೆರೆ ಅಂಗಳಕ್ಕೆ ಲೇಔಟ್ ಬಂದರೆ ಮತ್ತೆ ಕೆರೆ ಮಾಡೋಕೆ ಆಗಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

---

ಚಾಂಪಿಯನ್_ರೀಫ್ಸ್_ಹುಡುಗಿ

ನಾನು ಕೆಜಿಎಫ್‌ನವಳು, ಡಿಗ್ರಿ ಎರಡನೇ ವರ್ಷ. ಇಲ್ಲಿ ಎಲ್ಲರೂ ಮುಂದಿನ ತಲೆಮಾರು ಅಂತ ಮಾತಾಡುತ್ತಿದ್ದೀರಿ. ಹಿಂದಿನವರು ಬಿಟ್ಟುಹೋದದ್ದರ ನಡುವೆ ನಾವು ಆಗಲೇ ಬದುಕುತ್ತಿದ್ದೇವೆ.

ನಮ್ಮೂರ ಗಣಿ 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆ ಬಂದು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. 800 ಟನ್‌ಗಿಂತ ಜಾಸ್ತಿ ಚಿನ್ನ ತೆಗೆದಿದ್ದಾರೆ. ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ಬಂತು ಅಂತ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆಯುತ್ತಾರೆ. ನಮ್ಮ ಪಾಲಿಗೆ ಉಳಿದಿರುವುದು ಸೈನೈಡ್ ದಿಬ್ಬ. ಅದಿರು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಸುರಿದ ಮಣ್ಣು, ಗುಡ್ಡದಷ್ಟು ಎತ್ತರ. ಗಾಳಿ ಕಾಲದಲ್ಲಿ ಬೂದು ಬಣ್ಣದ ಪುಡಿ ಎದ್ದು ಮನೆಯೊಳಗೆ ಬರುತ್ತದೆ. ಒಗೆದು ಹಾಕಿದ ಬಟ್ಟೆ ಮತ್ತೆ ಜಾಲಿಸಬೇಕು. ಪಾತ್ರೆ ಬೋರಲು ಹಾಕಿಡಬೇಕು. ನಮ್ಮಮ್ಮ ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಾರೆ.

ಗಣಿ ನಡೆದ 120 ವರ್ಷದಲ್ಲಿ ಮುಚ್ಚಿದ ಮೇಲೆ ಏನು ಅಂತ ಒಂದು ಪೈಸೆ ತೆಗೆದಿಟ್ಟಿದ್ದರೆ ಇವತ್ತು ಈ ದಿಬ್ಬಕ್ಕೆ ಒಂದು ಗತಿ ಕಾಣುತ್ತಿತ್ತು. ಮುಂದಿನವರು ಶ್ರೀಮಂತರಾಗಿರ್ತಾರೆ ಅನ್ನೋ ಅಣ್ಣ ಒಂದು ಸಲ ಗಣಿ ಕಾರ್ಮಿಕರ ನಮ್ಮ ಲೈನ್ ಮನೆಗಳಿಗೆ ಬಂದು ನೋಡಿ. ನಮ್ಮ ಓಣಿಯವರು ಬೆಳಗ್ಗೆ ಐದಕ್ಕೆ ಎದ್ದು ಬೆಂಗಳೂರು ಟ್ರೈನ್ ಹಿಡಿದು ಕೆಲಸಕ್ಕೆ ಹೋಗಿ ರಾತ್ರಿ ಬರ್ತಾರೆ.

---

ಸಂಜೆ_ಬಸ್

ತಂಗಿ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಟ್ಟಾರೆ ಲೆಕ್ಕದಲ್ಲಿ ಜನ ಮುಂದೆ ಬರಬಹುದು, ಆ ಲೆಕ್ಕದಲ್ಲಿ ಒಂದು ಊರೇ ಹೊರಗೆ ಉಳಿಯಬಹುದು ಅನ್ನೋದು ಸರಿ.

---

ಕಾರ್ಡಿಫ್_ಕನ್ನಡಿಗ

ದೂರದಿಂದ ಓದುತ್ತಿದ್ದೆ. ಯಾರು ಕೇಳಬೇಕು ಅನ್ನೋ ಪ್ರಶ್ನೆಗೆ ನಾನಿರುವ ವೇಲ್ಸ್ ದೇಶದಲ್ಲಿ ಒಂದು ಉತ್ತರ ಹುಡುಕಿದ್ದಾರೆ. 2015ರಲ್ಲಿ ಮುಂದಿನ ತಲೆಮಾರುಗಳ ಕ್ಷೇಮಕ್ಕೆ ಅಂತಲೇ ಒಂದು ಕಾನೂನು ಮಾಡಿದರು. ಸರ್ಕಾರಿ ಸಂಸ್ಥೆಗಳು ಯಾವ ನಿರ್ಧಾರ ತೆಗೆದುಕೊಂಡರೂ ಮುಂದಿನವರ ಮೇಲೆ ಏನು ಪರಿಣಾಮ ಅಂತ ಯೋಚಿಸಲೇಬೇಕು. ಅದನ್ನು ನೋಡೋಕೆ ಒಬ್ಬ ಕಮಿಷನರ್ ಇರುತ್ತಾರೆ. 2019ರಲ್ಲಿ ನ್ಯೂಪೋರ್ಟ್ ಹತ್ತಿರದ ದೊಡ್ಡ ಹೆದ್ದಾರಿ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು. ಆ ಕಮಿಷನರ್ ಅದನ್ನು ಬಹಿರಂಗವಾಗಿ ವಿರೋಧಿಸಿದ್ದರು. ಖರ್ಚು, ಪರಿಸರ ಅಂತ ಬೇರೆ ಕಾರಣಗಳೂ ಇದ್ದವು. ಕಮಿಷನರ್‌ಗೆ ಯೋಜನೆ ನಿಲ್ಲಿಸುವ ಅಧಿಕಾರ ಇಲ್ಲ, ಕೇಳುವ ಅಧಿಕಾರ ಇದೆ. ಆದರೂ ಸಭೆಯಲ್ಲಿ ಒಂದು ಕುರ್ಚಿ ಅವರ ಹೆಸರಲ್ಲಿ ಇರುವುದು ಸಣ್ಣ ವಿಷಯ ಅಲ್ಲ.

---

ನೀರಗಂಟಿ_ಮೊಮ್ಮಗ

ನಮ್ಮಲ್ಲೂ ಕಾನೂನಿಗೆ ಕಡಿಮೆ ಏನಿಲ್ಲ ಸರ್. 2011ರ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ತಾಲೂಕಿನಲ್ಲಿ ಅನುಮತಿ ಇಲ್ಲದೆ ಬೋರ್ ಕೊರೆಸುವಂತಿಲ್ಲ. 2014ರ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯ್ದೆ ಇದೆ. ರಾತ್ರಿ ಹತ್ತರ ಮೇಲೆ ಕಿವಿ ಕೊಟ್ಟರೆ ಎಲ್ಲೋ ಒಂದು ಕಡೆ ಬೋರ್‌ವೆಲ್ ಗಾಡಿ ಸದ್ದು ಕೇಳಿಸುತ್ತದೆ. ಕಾನೂನು ಜಿಲ್ಲಾ ಕಚೇರಿಯಲ್ಲಿದೆ, ಬೋರ್ ಕೊರೆಯುವುದು ಊರಲ್ಲಿ. ಊರಲ್ಲೇ ಅದಕ್ಕೆ ಒಬ್ಬ ಮನುಷ್ಯ ಇರಬೇಕು.

---

ಹಿಪ್ಪುನೇರಳೆ_ತೋಟ

ಮೂರು ದಿನದಿಂದ ಓದ್ತಾ ಇದ್ದೀನಿ. ಗ್ನೈಸ್_ಬಂಡೆ ಸಾರ್ ಬರೆದ ಲೆಕ್ಕವನ್ನು ನಮ್ಮ ಸಂಘದ ಹೆಂಗಸರ ಮುಂದೆ ಓದಿದೆ. ಒಂದು ಎಕರೆ ಟೊಮೆಟೊಗೆ ಆರೇಳು ಎಕರೆ ನೀರು ಅಂದಾಗ ಎಲ್ಲರೂ ಸುಮ್ನಾದರು. ಆಮೇಲೆ ಒಬ್ಬರು ಕೇಳಿದರು, ಬೆಲೆ ಬಿದ್ದು ರೋಡಿಗೆ ಸುರಿದ ಟೊಮೆಟೊ ಲೆಕ್ಕ ಏನು ಅಂತ. ಅದೇ ನನ್ನನ್ನು ಜಾಸ್ತಿ ಕಾಡ್ತಿದೆ. ಹೋದ ಸಲ ನಾವೂ ಸುರಿದಿದ್ದೀವಿ. ಒಡವೆ ಅಡ ಇಟ್ಟು ತೆಗೆದ ನೀರು ಅದು.

ಬೆಳೆ ಪೂರ್ತಿ ನಿಲ್ಲಿಸೋಕೆ ಆಗಲ್ಲ. ಬೇಸಿಗೆ ಟೊಮೆಟೊ ಬಿಟ್ಟು ಹಿಪ್ಪುನೇರಳೆ ಮಾತ್ರ ಇಟ್ಟುಕೊಂಡು, ಮಳೆಗಾಲಕ್ಕೆ ರಾಗಿ, ಅವರೆ ಹಾಕಬಹುದಾ ಅಂತ ಮನೆಯವರ ಹತ್ತಿರ ಮಾತಾಡ್ತಿದ್ದೀನಿ. ನಾಲ್ಕು ಮನೆಯವರು ಒಟ್ಟಿಗೆ ಒಪ್ಪಿದರೆ ಮಾತ್ರ. ನೀವು ಹೇಳಿದ ಹಾಗೆ ನಾನೊಬ್ಬಳೇ ಬಿಟ್ಟರೆ ಪಕ್ಕದ ಮೋಟಾರಿಗೆ ಹೋಗುತ್ತೆ.

ನಮ್ಮೂರ ಕೆರೆಗೆ ಬರೋ ರಾಜಕಾಲುವೆ ಎಲ್ಲಿ ಮುಚ್ಚಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅದನ್ನು ಪತ್ತೆ ಮಾಡೋದು ಹೇಗೆ?

---

ಹಳೇ_ಮಟ್ಟಗೋಲು

ತಾಯಿ, ಮೊದಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ, ಕಂದಾಯ ಇಲಾಖೆಯದು. ಕೆರೆಯ ಕೋಡಿಯಿಂದ ಶುರು ಮಾಡಬೇಡಿ, ನೀರು ಒಳಗೆ ಬರುವ ಕಡೆಯಿಂದ ನಡೆಯಿರಿ. ನಿಂತ ಜಾಗದ ಸರ್ವೆ ನಂಬರ್ ಅದರಲ್ಲಿ ಕಾಣುತ್ತದೆ. ಖರಾಬು (ಸಾಗುವಳಿಗೆ ಸೇರದ ಜಾಗ) ಅಂತ ಬಂದ ಕಡೆಯೆಲ್ಲ ಬರೆದಿಟ್ಟುಕೊಳ್ಳಿ. ಆಮೇಲೆ ಸರ್ವೆ ಕಚೇರಿಯಲ್ಲಿ ಹಳೇ ಗ್ರಾಮ ನಕಾಶೆಯ ಪ್ರತಿಗೆ ಅರ್ಜಿ ಹಾಕಿ. ಅದರಲ್ಲಿ ಹಳ್ಳ, ಕಾಲುವೆ ಗೆರೆ ಹಾಕಿರುತ್ತಾರೆ. ಎರಡನ್ನೂ ಜೋಡಿಸಿ ನೋಡಿದರೆ ಎಲ್ಲಿ ಮುಚ್ಚಿದೆ ಅಂತ ತಿಳಿಯುತ್ತದೆ. ಒತ್ತುವರಿ ಅಳತೆಗೆ ತಹಶೀಲ್ದಾರರಿಗೆ ಊರವರೆಲ್ಲ ಸಹಿ ಹಾಕಿ ಕೊಡಿ.

ಹೂಳೆತ್ತುವ ಮಾತು ಬಂದರೆ ಒಂದು ಎಚ್ಚರಿಕೆ. ಜೆಸಿಬಿಯವರು ಇಟ್ಟಿಗೆ ಗೂಡಿಗೆ ಮಣ್ಣು ಬೇಕು ಅಂತ ಒಂದೇ ಕಡೆ ಬಾವಿಯ ಹಾಗೆ ತೋಡುತ್ತಾರೆ. ಅದಕ್ಕೆ ಬಿಡಬೇಡಿ. ಗೋಡು ಮಣ್ಣು ಅಂಗಳದ ಉದ್ದಕ್ಕೂ ಸಮನಾಗಿ ತೆಗೆಸಿ, ನಿಮ್ಮ ಹೊಲಗಳಿಗೇ ಹೊಡೆಸಿಕೊಳ್ಳಿ. ಏರಿ ಬುಡದಲ್ಲಿ ತೋಡಿಸಲೇಬೇಡಿ.

---

ಹಿಪ್ಪುನೇರಳೆ_ತೋಟ

ಆಗಲಿ ಸಾರ್. ಸಂಘದಲ್ಲಿ ಇಬ್ಬರಿಗೆ ಒಳ್ಳೇ ಮೊಬೈಲ್ ಇದೆ. ಭಾನುವಾರ ಬೆಳಗ್ಗೆ ಹಾಲು ಹಾಕಿ ಬಂದ ಮೇಲೆ ಹೋಗ್ತೀವಿ. ನೀರಗಂಟಿ_ಮೊಮ್ಮಗ ಅವರೇ, ನೀವು ಯಾವ ಕಡೆಯವರು? ಹತ್ತಿರ ಇದ್ದರೆ ಬರ್ತೀರಾ?

---

ನೀರಗಂಟಿ_ಮೊಮ್ಮಗ

ಬಂಗಾರಪೇಟೆ ಕಡೆ ಅಕ್ಕ. ಭಾನುವಾರ ರಜಾ ಇದೆ, ಬರ್ತೀನಿ. ಊರಿನ ಹೆಸರು, ಬಸ್ಸು ಎಲ್ಲಿ ಇಳೀಬೇಕು ಅಂತ ಮೆಸೇಜ್ ಹಾಕಿ. ಹಳೇ ನಕಾಶೆ ಓದೋಕೆ ಬರುವ ಗೆಳೆಯ ಒಬ್ಬ ಇದ್ದಾನೆ, ಅವನನ್ನೂ ಕರ್ಕೊಂಡು ಬರ್ತೀನಿ.